ಸೂಗಪ್ಪನ ಅಂಗಡಿ ಫೋನಿನಲ್ಲಿ ಹೇಳಲಾಗದ ಸುದ್ದಿ

ಹೈದರಾಬಾದ್, ಕುಕಟಪಲ್ಲಿ
21-9-2003, ರವಿವಾರ

ಪ್ರೀತಿಯ ಅತ್ತೆಯವರೇ, ನಿಮ್ಮ ಸೊಸೆ ಭವಾನಿಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಇಲ್ಲಿನ ಕೋಠಿ ಪೇಟೆಯಿಂದ ಕಳಿಸಿದ ಮುಲಾಮು ಹಚ್ಚುತ್ತಿದ್ದೀರೋ, ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೀರೋ? ಮೊನ್ನೆ ಫೋನಿನಲ್ಲಿ ನಾನು ಬರೀ ಹೂಂ ಹೂಂ ಎಂದದ್ದಕ್ಕೆ ಬೇಸರಿಸಬೇಡಿ. ಸೂಗಪ್ಪನ ಅಂಗಡಿಯಲ್ಲಿ ನೀವು ಫೋನು ಹಿಡಿದರೆ ಅರ್ಧ ಓಣಿ ಕಿವಿ ಕೊಟ್ಟು ನಿಂತಿರುತ್ತದೆ. ಇದು ಅಲ್ಲಿ ಹೇಳುವ ಸುದ್ದಿಯಲ್ಲ.

ಬುಧವಾರ ನಮ್ಮ ವಿನಾಯಕನಿಗೆ ಆಪರೇಷನ್ ಆಯಿತು. ಗಾಬರಿಯಾಗಬೇಡಿ, ಈಗ ನನ್ನ ಪೆನ್ನು ಕಸಿಯುತ್ತಾ ಕೂತಿದ್ದಾನೆ. ಬಾಣಂತನದಲ್ಲಿ ಎರೆಯುವಾಗ ಇದನ್ನು ಮೊದಲು ಕಂಡವರು ನೀವೇ ಅಲ್ಲವೇ? "ಒಂದ್ ಕಡಿ ಬೀಜ ಕೈಗಿ ಹತ್ತವಲ್ದು, ಖಾಲಿ ಐತಿ. ಯಾರ ಮುಂದೂ ಅನಬ್ಯಾಡ" ಎಂದಿದ್ದಿರಿ. ಆಮೇಲೆ ದಿನವೂ ಬಿಸಿ ಎಣ್ಣೆ ತಿಕ್ಕಿದಿರಿ. ಆ ಬೀಜ ಹೊಟ್ಟೆಯಿಂದ ಚೀಲಕ್ಕೆ ಇಳಿಯುವಾಗ ತೊಡೆಸಂದಿಯ ಹತ್ತಿರವೇ ನಿಂತುಬಿಟ್ಟಿದೆಯಂತೆ. ಕೆಲವು ಕೂಸುಗಳಿಗೆ ಆರು ತಿಂಗಳೊಳಗೆ ತಾನೇ ಇಳಿಯುತ್ತದೆ, ಇಳಿಯದಿದ್ದರೆ ಎಣ್ಣೆಯಿಂದ ಆಗುವುದಿಲ್ಲ, ವರ್ಷದ ಆಸುಪಾಸಿನಲ್ಲೇ ಆಪರೇಷನ್ ಮಾಡಿಸಬೇಕು ಎಂದರು ಡಾಕ್ಟರಮ್ಮ. "ಮುಂದ ಇವ್ಗ ಮಕ್ಳಾಗ್ತಾವೋ ಇಲ್ಲೋ" ಎಂಬ ನಿಮ್ಮ ಚಿಂತೆಯನ್ನೂ ಕೇಳಿಯೇಬಿಟ್ಟೆ. ನಿಮ್ಮ ಮಗ ನಾಚಿ ಫ್ಯಾನು ನೋಡುತ್ತಿದ್ದರು. "ಮೊದಲು ಹಲ್ಲು ಪೂರಾ ಬರಲಿ" ಎಂದು ಆಕೆ ನಕ್ಕು, ಸಕಾಲಕ್ಕೆ ತಂದಿದ್ದೀರಿ, ಹೆದರಬೇಡಿ ಎಂದರು.

ಹೈಟೆಕ್ ಸಿಟಿಯಲ್ಲಿ ಅಮೆರಿಕದವರ ಜೊತೆ ಪಟಪಟ ಮಾತಾಡುವ ನಿಮ್ಮ ಮಗ, ಕೂಸನ್ನು ಒಳಗೆ ಒಯ್ಯುತ್ತಲೇ ಬೆವತು ಕುಸಿದು ಕೂತರು. ಜಹೀರಾಬಾದ್ ಕಡೆಯ ನರ್ಸ್ ಯಮುನಾಬಾಯಿ ಚಹಾ ತಂದುಕೊಟ್ಟು, "ಸಾಹೇಬ್ರ, ಆಪರೇಷನ್ ನಿಮಗಲ್ರಿ, ಕೂಸಿಗಿ" ಎಂದಾಗ ಅಷ್ಟು ಹೊತ್ತು ತಡೆದಿದ್ದ ನನಗೆ ನಗು, ಅಳು ಒಟ್ಟಿಗೇ ಬಂದವು. ಸಂಜೆಗೇ ಮನೆಗೆ ಕಳಿಸಿದರು. ಬಿಗಿ ಚಡ್ಡಿ ಬೇಡವೆಂದು ಸುಲ್ತಾನ್ ಬಜಾರಿನಿಂದ ಸಡಿಲ ಫ್ರಾಕು ತಂದು ಹಾಕಿದ್ದೇನೆ. ಪಕ್ಕದ ಮನೆಯವರು ಹೆಣ್ಣು ಕೂಸೆಂದು ಮುದ್ದಾಡುತ್ತಿದ್ದಾರೆ!

ಮಾವನವರಿಗೆ ನಮಸ್ಕಾರ ತಿಳಿಸಿ. ಮೊಮ್ಮಗನನ್ನು ಅಲ್ಲಿಂದಲೇ ಹರಸಿ.

ನಿಮ್ಮ
ಭವಾನಿ

ತಾ.ಕ.: ಲಕೋಟೆ ಅಂಟಿಸುವುದರಲ್ಲಿದ್ದೆ, ಆದರೂ ಇದನ್ನು ಬರೆಯದಿದ್ದರೆ ತಪ್ಪಾದೀತು. ನಿಮ್ಮ ಮಗಳು ನಳಿನಿ ನಿನ್ನೆ ಫೋನಿನಲ್ಲಿ ಅತ್ತಳು. ಅವಳ ಪ್ರಜ್ವಲನಿಗೂ ಹೀಗೇ ಇದೆಯಂತೆ, ಅದೂ ಎರಡೂ ಕಡೆ. ಕೂಸಿಗೆ ಹತ್ತು ತಿಂಗಳಾದರೂ ಅವಳ ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಟ್ಟಿದ್ದಾರೆ. ನಿಮಗೆ ಹೇಳಬೇಡವೆಂದು ಆಣೆ ಹಾಕಿಸಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಆ ಮನೆಯಲ್ಲಿ ನಿಮ್ಮ ಮಾತು ನಡೆಯುತ್ತದೆ. ಅವಳನ್ನು ಬೈಯಬೇಡಿ, ತಾಯಿ-ಮಗನನ್ನು ಕರಕೊಂಡು ಈ ವಾರವೇ ಬಸ್ಸು ಹತ್ತಿ. ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೇನೆ.