ಎರಡು ಸಲ ಕೂಗುವ ಪರದೆ

ಹನ್ನೊಂದನೇ ತಾರೀಕು, ಮಂಗಳವಾರ. ಎದ್ದು ಕೂತು ಬರೆಯೋ ಮನಸ್ಸಿಲ್ಲ, ಅದಕ್ಕೇ ಹಾಸಿಗೇಲಿ ಮಲಗೇ ಫೋನಿಗೆ ಹೇಳ್ತಿದೀನಿ.

ಇವತ್ತು ನನ್ನ ಬಸ್ಸಿಂದ ಅಜ್ಜಿಯೊಬ್ರು ಬಿದ್ದ ಸದ್ದು ಕಿವಿ ಬಿಟ್ಟು ಹೋಗ್ತಿಲ್ಲ. ಮಂಡಿಚಿಪ್ಪು ಒಡೆದಿದೆಯಂತೆ.

ಇಷ್ಟು ವರ್ಷ ನಾನು ಬಸ್ ಓಡಿಸಿದ್ದು ಕಂಡಕ್ಟರ್ ಸೀಟಿ ನಂಬಿ. ಒಂದು ಸಲ ಊದಿದ್ರೆ ನಿಲ್ಲಿಸು, ಎರಡು ಸಲ ಊದಿದ್ರೆ ಹೊರಡು. ಕಿವಿ ಕೇಳೋದು, ಕಾಲು ಒತ್ತೋದು, ನಡುವೆ ತಲೆಗೆ ಕೆಲಸವೇ ಇರಲಿಲ್ಲ. ಇವತ್ತು ಹೊಸ ಬಸ್ ಕೊಟ್ರು. ಕಂಡಕ್ಟರ್ ಇಲ್ಲ, ಅವನ ಬದಲು ಒಂದು ಪರದೆ. ಬಾಗಿಲು ತೆರೆದಿದ್ರೆ ಅದು ಪೀಂ ಪೀಂ ಅನ್ನುತ್ತೆ. ಎರಡೇ ಸಲ! ಹೊರಡಬೇಡ ಅನ್ನೋದಕ್ಕೆ ಎರಡು ಸಲ ಕೂಗಿಸಿದ ಮಹಾನುಭಾವ ಜನ್ಮದಲ್ಲಿ ಬಸ್ ಹತ್ತಿದಾನಾ? ನಾನು ಕನ್ನಡಿ ನೋಡೋ ಮೊದಲೇ ಬಲಗಾಲು ಆಕ್ಸಿಲರೇಟರ್ ಒತ್ತಿಬಿಟ್ಟಿತ್ತು. ಅಜ್ಜಿ ಇನ್ನೂ ಮೆಟ್ಟಿಲ ಮೇಲೇ ಇದ್ರು.

ಡಿಪೋ ಮ್ಯಾನೇಜರ್ ಕೂಗಾಡಿದ್ರು. "ಮಿಷನ್ನು ಅಷ್ಟು ಬಡ್ಕೊಳ್ತಿತ್ತಲ್ರೀ, ಕಿವಿ ಕೇಳಲ್ವಾ?"

"ಕೇಳಿಸ್ತು ಸಾರ್. ಅದಕ್ಕೇ ಹೊರಟೆ."

"ತಮಾಷೆನಾ? ನಾಳೆಯಿಂದ ಸ್ಟಿಯರಿಂಗ್ ಮುಟ್ಟಬೇಡಿ!"

ಸಂಜೆ ಹಳೇ ಕಂಡಕ್ಟರಿಗೆ ಫೋನ್ ಮಾಡಿದೆ. ಹೊಸ ಬಸ್ ಬರುತ್ತೆ ಅಂತ ಅವನನ್ನ ನಿನ್ನೆಯಷ್ಟೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ನಡೆದದ್ದೆಲ್ಲಾ ಕೇಳಿಸ್ಕೊಂಡ.

"ನಾನಿದ್ದಿದ್ರೆ ಅಜ್ಜಿ ಕೈ ಹಿಡಿದು ಇಳಿಸಿ, ಆಮೇಲೆ ಊದ್ತಿದ್ದೆ ಕಣೋ."

ಅಷ್ಟೇ. ಪರದೆಗೆ ಕೈ ಎಲ್ಲಿದೆ? ಆದ್ರೆ ತಪ್ಪು ಮಾತ್ರ ನನ್ನ ಕಾಲಿಂದು. ಐವತ್ತನೇ ವಯಸ್ಸಲ್ಲಿ ಈ ಕಾಲಿಗೆ ಯಾರು ಹೊಸ ಪಾಠ ಹೇಳ್ತಾರೆ, ಹೇಗೆ...

ಈ ಫೋನೂ ಪೀಂ ಪೀಂ ಅಂತು. ಚಾರ್ಜ್ ಮುಗೀತಿದೆ. ಥೂ, ಹೊದಿಕೆ ಒಳಗೇ ಬಲಗಾಲು ಒತ್ತಿಬಿಡ್ತಲ್ಲ.