ನೀನು ಬದಲಿಸಿದ ನನ್ನ ಪುಸ್ತಕ

ನೆರೂಳ, ಸೋಮವಾರ

ಮೈದುನ ಪುಂಡರೀಕಾಕ್ಷನಿಗೆ,

ನಾನು ಮುಕ್ತಾ, ನಿನ್ನ ಅತ್ತಿಗೆ. ನಿನ್ನ ಅಣ್ಣ ತೀರಿಕೊಂಡಂದಿನಿಂದ, ಇಪ್ಪತ್ತೆರಡು ವರ್ಷಗಳಿಂದ, ನೆರೂಳಿನ ನಮ್ಮ ಹೋಟೆಲಿನ ಯಜಮಾನಿ. ಇದನ್ನು ನೆನಪಿಟ್ಟುಕೊಂಡು ಓದು.

ನಿಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ‘ನನ್ನ ಮೆಚ್ಚಿನ ಪುಸ್ತಕ’ ಬರೆದುಕೊಡಲು ಸಂಪಾದಕನಾಗಿ ನೀನೇ ಕೇಳಿದೆ. ನಾನು ಒಂದು ಹಳೆಯ ಕಾದಂಬರಿಯ ಬಗ್ಗೆ ಬರೆದೆ. ಅಚ್ಚಾಗಿ ಬಂದಾಗ ನನ್ನ ಫೋಟೋದ ಕೆಳಗೆ ಯಾವುದೋ ವ್ರತಕಥೆಯ ಪುಸ್ತಕದ ಹೊಗಳಿಕೆ ಇತ್ತು. ಫೋನಿನಲ್ಲಿ ಕೇಳಿದರೆ ನೀನು ನಕ್ಕೆ: “ನಿಮ್ಮ ವಯಸ್ಸಿಗೆ ಇದೇ ಚಂದ ಕಾಣ್ತದೆ ಅತ್ತಿಗೆ. ಅದನ್ನೆಲ್ಲ ಯಾರು ಓದ್ತಾರೆ?”

ನಾನು ಬರೆದದ್ದನ್ನು ನೀನು ಓದಿದೆ, ಅದಕ್ಕೇ ತೆಗೆದೆ. ಆ ಕಾದಂಬರಿಯ ವಿಧವೆ ಜನರ ಬಾಯಿಗೆ ಹೆದರಿ ಅಕ್ಕಿಗಿರಣಿಯ ಬೀಗದಕೈಯನ್ನು ಮೈದುನನಿಗೆ ಕೊಡುತ್ತಾಳೆ. ಕೊನೆಗೆ ಅವನ ಅಡುಗೆಮನೆಯಲ್ಲೇ ಬೇಯಿಸುತ್ತಾ ಸಾಯುತ್ತಾಳೆ. ನಿನ್ನ ಅಣ್ಣನ ಹದಿಮೂರನೆಯ ದಿನ, ಊಟದ ಎಲೆ ಎತ್ತುವ ಮೊದಲೇ, “ಗಲ್ಲಾದಲ್ಲಿ ಹೆಂಗಸು ಕೂತ್ರೆ ಗಿರಾಕಿ ಬರ್ತಾರಾ? ಚಾವಿ ಕೊಡಿ” ಎಂದು ನೀನು ಕೈಚಾಚಿದಾಗ ನನಗೆ ನೆನಪಾದವಳು ಅವಳು; ನಿನ್ನ ಹೆಸರು ಹೇಳದೆ ಅದನ್ನೂ ಬರೆದಿದ್ದೆ. ಬರೀ ವ್ರತಕಥೆ ಓದಿಕೊಂಡಿದ್ದರೆ ಕೊಟ್ಟುಬಿಡುತ್ತಿದ್ದೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವ ಶ್ರಮ ಬೇಡ. ನನ್ನ ಬರಹಕ್ಕೆ ಚಾವಿ ಕೇಳಿದವನ ಹೆಸರನ್ನೂ ಸೇರಿಸಿ, ಝೆರಾಕ್ಸ್ ಮಾಡಿಸಿ, ಇವತ್ತು ಬೆಳಿಗ್ಗೆ ಹೋಟೆಲಿನ ಹದಿನಾಲ್ಕೂ ಮೇಜುಗಳ ಗಾಜಿನಡಿ ಇಡಿಸಿದ್ದೇನೆ.

ಮುಕ್ತಾ