ಅತ್ತೆಯ ಮಂಡಿಗೆ ಯಾವ ವಿಮೆ?

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಅಮ್ಮಾ,

ನಾನು ಎಷ್ಟು ಸುಖವಾಗಿದ್ದೇನೆಂದರೆ ಬರೆಯಲೂ ನಾಚಿಕೆ! ಬೆಳಿಗ್ಗೆ ಇವರೇ ನನಗೆ ಕಾಫಿ ಮಾಡಿಕೊಡುತ್ತಾರೆ. ಬಾಯಿಗಿಡಲಾಗುವುದಿಲ್ಲ; ಆದರೂ ಎರಡು ಲೋಟ ಕುಡಿಯುತ್ತೇನೆ. ಇರಲಿ, ಇವರ ಬಗ್ಗೆ ಬೇರೆ ನಾಲ್ಕು ಹಾಳೆ ಬರೆಯುತ್ತೇನೆ. ಇದು ಅತ್ತೆಯ ಮಂಡಿಯ ಕಥೆ.

ಮಂಡಿಯ ಕೀಲು ಬದಲಿಸದಿದ್ದರೆ ಅತ್ತೆ ಮುಂದೆ ಮೆಟ್ಟಿಲು ಇಳಿಯುವಂತಿಲ್ಲ ಎಂದುಬಿಟ್ಟಿದ್ದಾರೆ ಡಾಕ್ಟರು. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೀದಿಯಲ್ಲಿ ನಾಲ್ಕು ಜನರ ಜೊತೆ ಹರಟದಿದ್ದರೆ ಅತ್ತೆಗೆ ಅನ್ನ ಸೇರುವುದಿಲ್ಲ. ಹಾಗಾಗಿ ಬೇಗ ಯಾವುದಾದರೊಂದು ವಿಮೆ ಮಾಡಿಸಲೇಬೇಕಿತ್ತು. ಹಿರಿಯರಿಗೆಂದೇ ಇರುವ ಸರ್ಕಾರಿ ವಿಮೆಯೋ, ಖಾಸಗಿ ಕಂಪನಿಯದೋ? ಇಂಗ್ಲಿಷ್ ಓದಿದ ಸೊಸೆ ಎಂದು ಸಣ್ಣ ಅಕ್ಷರ ಓದುವ ಕೆಲಸ ನನಗೇ ಬಂತು. ಅರ್ಧ ಅರ್ಥವಾಗಲಿಲ್ಲ; ತಲೆಯನ್ನು ಮಾತ್ರ ಜೋರಾಗಿ ಆಡಿಸಿದೆ.

ಮಾವ ಮೊದಲು ಸರ್ಕಾರಿ ಬಸ್ಸಿನ ಡ್ರೈವರ್. "ಸರ್ಕಾರದ್ದು ತಡವಾಗಿ ಬರುತ್ತೆ, ಆದ್ರೆ ಬರುತ್ತೆ" ಎಂದರು. ಅತ್ತೆ ಬಿಡುತ್ತಾರೆಯೇ? "ನಿಮ್ಮ ಬಸ್ಸಿನ ಹಾಗೆ ಕೈ ತೋರಿಸಿದ್ರೂ ನಿಲ್ಲಿಸದೆ ಹೋದ್ರೆ?" ಎಂದರು. ಅವರಿಗೆ ಆಸ್ಪತ್ರೆಯಲ್ಲಿ ಸ್ವಂತ ಕೋಣೆ, ಟೀವಿ ಬೇಕು.

ಖಾಸಗಿ ಕಂಪನಿಯ ಏಜೆಂಟ್ ಬಂದ. ಟೈ ಸರಿಮಾಡಿಕೊಳ್ಳುತ್ತಾ, ಹಳೆಯ ಕಾಯಿಲೆಯಿದ್ದರೆ ಅದಕ್ಕೆ ಮೂರು ವರ್ಷ ಹಣ ಬರುವುದಿಲ್ಲ ಎಂದ. ಅತ್ತೆ ತಟ್ಟನೆ ನೆಟ್ಟಗೆ ಕೂತರು.

"ಮಂಡಿನಾ? ಗುಂಡುಕಲ್ಲಿನ ಹಾಗಿದೆ, ನೋಡಪ್ಪ!" ಎಂದವರೇ ಗೋಡೆಯನ್ನೂ ಹಿಡಿಯದೆ ಎದ್ದು, ಅವನಿಗೆ ಚಹಾ ತರಲು ಹೋದರು.

ಮಾವ ಕಣ್ಣು ಕಣ್ಣು ಬಿಟ್ಟರು. "ಹಾಗಾದ್ರೆ ಇಷ್ಟು ವರ್ಷ ನನ್ನ ಕೈಲಿ ನೀರಿನ ಕ್ಯಾನು, ತರಕಾರಿ ಚೀಲ ಹೊರಿಸಿದ್ದು ಯಾಕೆ?"

"ಸುಮ್ನಿರ್ರೀ!" ಎಂದು ಒಳಗಿನಿಂದ ಪಿಸುದನಿ ಬಂತು.

"ಯಾಕೆ ಸುಮ್ನಿರ್ಲಿ? ಬರ್ಕೊಳಪ್ಪ. ಮಂಡಿ ನೋವು, ಬಹಳ ಹಳೇದು. ನನ್ನ ಬೆನ್ನೇ ಸಾಕ್ಷಿ!"

ಅಷ್ಟರಲ್ಲಿ ಚಹಾ ಹಿಡಿದು ಬರುತ್ತಿದ್ದ ಅತ್ತೆಯ ಗುಂಡುಕಲ್ಲು ಮಂಡಿ ಬಾಗಿಲಲ್ಲೇ ಹಿಡಿದುಕೊಂಡಿತು. ಅತ್ತೆ "ಅಯ್ಯಮ್ಮಾ" ಎಂದರು. ಚಹಾ ಪೂರ್ತಿ ಬಾಗಿಲ ಪಕ್ಕವೇ ಕೂತಿದ್ದ ಏಜೆಂಟನ ಮಡಿಲಿಗೆ. ಪುಣ್ಯಕ್ಕೆ ಆರಿತ್ತು. ಅವನು ಮತ್ತೆ ಬರಲಿಲ್ಲ.

ಮರುದಿನ ಅತ್ತೆಯನ್ನು ಹೇಗೋ ಮೆಟ್ಟಿಲು ಇಳಿಸಿಕೊಂಡು ಸರ್ಕಾರಿ ಕಚೇರಿಗೆ ಹೋದೆವು. ಅಲ್ಲಿ ಕಾಯಿಲೆಯ ವಿಷಯವನ್ನೇ ಕೇಳುವುದಿಲ್ಲವಂತೆ. ಕೇಳದಿದ್ದರೇನು, ಅತ್ತೆ ಹೇಳಿದರು! ಗುಮಾಸ್ತೆ "ಸಾಕಮ್ಮಾ, ಹಿಂದೆ ಜನ ಕಾಯ್ತಿದಾರೆ" ಎಂದಳು. ವಿಮೆ ಆಯಿತು. ಆಪರೇಷನ್ನಿಗೆ ಮಾತ್ರ ನಾಲ್ಕು ತಿಂಗಳು ಕಾಯಬೇಕು, ಅದೂ ಸಾಮಾನ್ಯ ವಾರ್ಡು. ಅತ್ತೆಯ ಮುಖ ಸಣ್ಣದಾಯಿತು. ಮಾವ ಮೆಲ್ಲಗೆ, "ಒಂಟಿ ಕೋಣೇಲಿ ನಿನ್ನ ಮಂಡಿ ಕಥೆ ಯಾರೇ ಕೇಳ್ತಾರೆ? ಇಲ್ಲಾದ್ರೆ ಇಪ್ಪತ್ತು ಮಂಚ ಇದೆ. ನಾನು ಹೊರಗೆ ಬೆಂಚಿನ ಮೇಲೇ ಇರ್ತೀನಿ" ಎಂದರು. ಅತ್ತೆ ನಕ್ಕುಬಿಟ್ಟರು. ನನಗೇ ಅಳು ಬಂತು, ಅಮ್ಮಾ.

ನಿನ್ನ ಚಿನ್ನಾರಿ

ಮರೆತಿದ್ದೆ: ಅತ್ತೆ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದರು, "ಮೊದಮೊದಲು ನೋವೇ ಇರ್ಲಿಲ್ಲ ಕಣೆ. ಅವರು ಚೀಲ ಹೊತ್ತು ಮೆಟ್ಟಿಲು ಹತ್ತೋದನ್ನ ಮೇಲಿಂದ ನೋಡೋಕೆ ಚೆಂದ ಇತ್ತು." ನನಗೂ ನಿನ್ನೆಯಿಂದ ಎಡಭುಜ ಸ್ವಲ್ಪ ನೋವು. ಇವರು ಬಟ್ಟೆ ಒಣಗಿಸುತ್ತಿದ್ದಾರೆ. ನೀನೇನೂ ಗಾಬರಿಯಾಗಬೇಡ. ಅಪ್ಪನಿಗೆ ಮಾತ್ರ ಇದನ್ನು ಓದಿ ಹೇಳಬೇಡ. ನಿನ್ನ ಸೊಂಟನೋವಿನ ಮೇಲೂ ಅನುಮಾನ ಬಂದೀತು.